ಕುಂಕುಮ ಕುಡಿದ ಕೊಕ್ಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಗ್ಯಾರೇಜು, ರೈಸ್‌ಮಿಲ್ಲು, ಸಾಮಿಲ್ಲುಗಳಲ್ಲಿ ನನಗೊಂದು ಅಡ್ಡಹೆಸರಿದೆ. ಕುಂಕುಮದವನು. ನಾನು ಬೈಕು ನಿಲ್ಲಿಸುವುದರೊಳಗೆ ಯಾರಾದರೂ ಒಬ್ಬರು ಒಳಕ್ಕೆ ಕೂಗಿ ಹೇಳುತ್ತಾರೆ, "ಕುಂಕುಮದವ್ನು ಬಂದ, ಆರತಿ ತಟ್ಟೆ ತನ್ರೋ." ನಾನು ಪೂಜಾರಿಯಲ್ಲ. ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆಯೋ ಇಲ್ಲವೋ ಎಂದು, ಅದನ್ನು ಒಡೆಯದೆ, ಕೊಯ್ಯದೆ ನೋಡಿ ಹೇಳುವುದು ನನ್ನ ಕೆಲಸ.

ಅಡ್ಡಹೆಸರು ಬಂದಿದ್ದು ನನ್ನ ಚೀಲದಲ್ಲಿರುವ ಕೆಂಪು ಡಬ್ಬದಿಂದ. ಅದರಲ್ಲಿ ನೀರಿಗಿಂತ ತೆಳುವಾದ ಕೆಂಪು ಬಣ್ಣವಿದೆ. ಕಬ್ಬಿಣವನ್ನು ಚೊಕ್ಕಟ ಮಾಡಿ ಆ ಬಣ್ಣ ಹೊಡೆದು ಸ್ವಲ್ಪ ಹೊತ್ತು ಬಿಟ್ಟರೆ, ಕೂದಲೆಳೆಯಷ್ಟು ಬಿರುಕಿದ್ದರೂ ಒಳಕ್ಕೆ ಇಳಿದು ಕೂರುತ್ತದೆ. ಆಮೇಲೆ ಮೇಲಿನ ಬಣ್ಣವನ್ನೆಲ್ಲ ಒರೆಸಿ, ಇನ್ನೊಂದು ಡಬ್ಬದಿಂದ ಬಿಳಿ ಪುಡಿಯನ್ನು ತೆಳ್ಳಗೆ ಸ್ಪ್ರೇ ಮಾಡಬೇಕು. ಒಳಗೆ ಅವಿತ ಕೆಂಪನ್ನು ಆ ಬಿಳಿ ಹೊರಗೆ ಎಳೆಯುತ್ತದೆ. ಸುಣ್ಣ ಬಳಿದ ಗೋಡೆಯ ಮೇಲೆ ಕೆಂಪು ಗೆರೆ ಎಳೆದ ಹಾಗೆ ಬಿರುಕು ತನ್ನನ್ನು ತಾನೇ ಬರೆದುಕೊಳ್ಳುತ್ತದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸಾಗರದ ಒಂದು ಬಸ್ ಗ್ಯಾರೇಜಿನಲ್ಲಿ ಸ್ಪ್ಯಾನರ್ ತೊಳೆಯುತ್ತ ಶುರುಮಾಡಿದೆ. ಅಲ್ಲಿನ ಮೇಸ್ತ್ರಿ, ಆಕ್ಸಲ್ ಬಿಚ್ಚಿದಾಗಲೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣದ ನೀರು ಬಳಿದು ಬಿಸಿಲಿಗೆ ಇಡುತ್ತಿದ್ದರು. ಬಿರುಕಿದ್ದಲ್ಲಿ ಸುಣ್ಣ ಒದ್ದೆಯಾಗಿ ಕಪ್ಪು ಗೆರೆ ಮೂಡುತ್ತಿತ್ತು. "ಕಬ್ಬಿಣ ಸುಳ್ಳು ಹೇಳಲ್ಲ ಕಣೋ. ನಾವು ಕೇಳೋ ರೀತಿ ಸರಿ ಇರ್ಬೇಕು" ಎನ್ನುತ್ತಿದ್ದರು. ಅವರಿಂದ ಕಲಿತು, ಆಮೇಲೆ ಹೊರಗಿನಿಂದ ಬಂದ ಒಂದು ಏಜೆನ್ಸಿಯ ಜೊತೆ ನೀರಿನ ಕೊಳವೆ, ಟ್ಯಾಂಕಿಗಳ ಬೆಸುಗೆ ನೋಡಲು ಊರೂರು ತಿರುಗಿ, ಕೊನೆಗೆ ನನ್ನದೇ ಚೀಲ ಕಟ್ಟಿಕೊಂಡೆ. ನಾನು ನೋಡಿ ಸರಿಯಿದೆ ಎಂದರೆ ಅದು ಸರಿ. ಈ ಕಡೆ ಅಷ್ಟು ನಂಬಿಕೆ ಗಳಿಸಿದ್ದೇನೆ, ದುಡಿದು.

ಆದರೆ ಮೇಸ್ತ್ರಿಯ ಮಾತಿನ ಎರಡನೆಯ ಅರ್ಧ ನನಗೆ ಸರಿಯಾಗಿ ತಿಳಿದಿದ್ದು ಕೋಣಂದೂರಿನ ಹತ್ತಿರದ ಒಂದು ಸಾಮಿಲ್ಲಿನಲ್ಲಿ.

ಆ ಮಿಲ್ಲಿನಲ್ಲಿ ದಿಮ್ಮಿ ಎತ್ತುವ ಚೈನ್ ಹೊಯ್ಸ್ಟ್ ಇದೆ. ಲಾರಿಯಿಂದ ಬಂದ ದಿಮ್ಮಿಗೆ ಸರಪಳಿ ಸುತ್ತಿ, ಮೇಲಿನಿಂದ ಇಳಿದ ಕೊಕ್ಕೆಗೆ ಸಿಕ್ಕಿಸಿ, ಎತ್ತಿ, ಕೊಯ್ಯುವ ಟ್ರಾಲಿಯ ಮೇಲೆ ಇಳಿಸುವುದು. ಎತ್ತುವ ಗುಂಡಿ ಹಿಡಿದು, ಇನ್ನೊಂದು ಕೈಯಲ್ಲಿ ದಿಮ್ಮಿ ತಿರುಗದಂತೆ ಒತ್ತಿಕೊಂಡು ಅದರ ಜೊತೆಗೇ ನಡೆಯುವವರು ನನ್ನ ಭಾವ, ನಮ್ಮ ಅಕ್ಕನ ಗಂಡ. ಆ ಹೊಯ್ಸ್ಟ್ ಬಂದ ದಿನದಿಂದ ಅದರ ಗುಂಡಿ ಬೇರೆಯವರ ಕೈಗೆ ಹೋಗಿಲ್ಲ. ಅವರು ಅದರ ಕೊಕ್ಕೆಯನ್ನು ಮಿಲ್ಲಿನ ಹುಕ್ಕು ಎನ್ನುತ್ತಿರಲಿಲ್ಲ, "ನನ್ನ ಹುಕ್ಕು" ಎನ್ನುತ್ತಿದ್ದರು.

ಇನ್ಶೂರೆನ್ಸಿನವರು ಎತ್ತುವ ಸಾಮಾನಿನ ಪರೀಕ್ಷೆ ಆಗಬೇಕೆಂದು ಕೇಳಿದ್ದರಿಂದ ಮಿಲ್ಲಿನ ಧಣಿ ನನ್ನನ್ನು ಕರೆಸಿದರು. ಅವರನ್ನು ಊರಲ್ಲಿ ಎಲ್ಲರೂ ಗೌಡ್ರು ಎನ್ನುತ್ತಾರೆ. ಆಯುಧಪೂಜೆ ಮುಗಿದು ಬಹಳ ದಿನವಾಗಿರಲಿಲ್ಲ. ಗರಗಸದ ಚಕ್ರಕ್ಕೆ ಕಟ್ಟಿದ ಚೆಂಡುಹೂವಿನ ಮಾಲೆ ಒಣಗಿ ಇನ್ನೂ ನೇತಾಡುತ್ತಿತ್ತು.

"ಎಂತ ಮಾರಾಯ," ಎಂದರು ಭಾವ, ನಾನು ಡಬ್ಬ ತೆಗೆದದ್ದು ನೋಡಿ. "ನನ್ನ ಹುಕ್ಕಿಗೆ ನಾನೇ ವಾರ ವಾರ ಕುಂಕುಮ ಇಡ್ತೀನಿ. ನೀನು ಬೇರೆ ಸಾಗರದಿಂದ ಹೊತ್ಕಂಡು ಬಂದ್ಯಾ?"

"ನಿಮ್ಮ ಕುಂಕುಮ ದೇವ್ರಿಗೆ ಭಾವ. ನಂದು ಇನ್ಶೂರೆನ್ಸಿಗೆ."

"ಹಂಗಾರೆ ನಂದೇ ಗಟ್ಟಿ" ಎಂದು ನಕ್ಕರು.

ನಾನು ಬರುವ ಮೊದಲೇ ಕೊಕ್ಕೆಯನ್ನು ಕೆಳಗಿಳಿಸಿ, ಉಜ್ಜಿ ಒರೆಸಿ ಮದುಮಗನ ಹಾಗೆ ಮಾಡಿಟ್ಟಿದ್ದರು. ಪೂಜೆಯ ಕುಂಕುಮವನ್ನೂ ಅವರೇ ಬಟ್ಟೆಯಿಂದ ಒರೆಸಿದ್ದರು. ಎಲ್ಲಿಡುತ್ತಿದ್ದರೆಂದು ತೋರಿಸಿದರು. ಬೇರೆಯವರೆಲ್ಲ ಮುಂದಿನಿಂದ ಕಾಣುವಲ್ಲಿ ಬೊಟ್ಟು ಇಡುತ್ತಾರೆ. ಭಾವ ಹಾಗಲ್ಲ. ಕೊಕ್ಕೆಯ ಒಳಬಾಗಿನಲ್ಲಿ, ಸರಪಳಿ ಉಜ್ಜುವ ಜಾಗಕ್ಕಿಂತ ಸ್ವಲ್ಪ ಮೇಲೆ, ಬೆನ್ನಿನ ಕಡೆಗೆ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಲ್ಲಿ ಒತ್ತಿ ಇಡುವುದು. "ಮುಖಕ್ಕೆ ಇಟ್ರೆ ಚಂದ ಅಷ್ಟೇ. ಭಾರ ಹೊರೋದು ಇಲ್ಲಿ. ಇಲ್ಲಿಗೇ ಇಡ್ಬೇಕು." ಪ್ರತಿ ಶುಕ್ರವಾರ ಮೊದಲ ದಿಮ್ಮಿ ಎತ್ತುವ ಮುಂಚೆ ಇದು ತಪ್ಪುತ್ತಿರಲಿಲ್ಲ.

ನಾನು ನನ್ನ ಕ್ರಮದಂತೆ ಎಲ್ಲ ಮಾಡಿದೆ. ತೊಳೆಯುವ ಸ್ಪ್ರೇ ಹೊಡೆದು ಒರೆಸಿದೆ. ಕೆಂಪು ಹೊಡೆದೆ, ಕಾದೆ, ಒರೆಸಿದೆ, ಬಿಳಿ ಹೊಡೆದೆ. ಮಿಲ್ಲಿನವರೆಲ್ಲ ಸುತ್ತ ನಿಂತರು. ಬಿಳಿ ಒಣಗಿತು. ಗೆರೆ ಒಂದೂ ಇಲ್ಲದೆ ಬಿಳಿಯಾಗಿಯೇ ಉಳಿಯಿತು.

"ಏನೂ ಇಲ್ಲಲ್ಲ?" ಎಂದರು ಗೌಡರು.

"ಏನೂ ಕಾಣ್ತಾ ಇಲ್ಲ ಗೌಡ್ರೇ. ರಿಪೋರ್ಟು ನಾಳೆ ಬರ್ದು ಕೊಡ್ತೀನಿ."

ಕಾಣುತ್ತಿಲ್ಲ ಎಂದೆ. ಇಲ್ಲ ಎನ್ನಲಿಲ್ಲ. ಆ ವ್ಯತ್ಯಾಸ ಅಲ್ಲಿದ್ದ ಯಾರಿಗೂ ಕೇಳಿಸಲಿಲ್ಲ. ಭಾವ ಆಗಲೇ ಪಕ್ಕದವರ ಬೆನ್ನು ತಟ್ಟಿ "ನನ್ನ ಹುಕ್ಕು ಪಾಸಾಯ್ತು" ಎನ್ನುತ್ತಿದ್ದರು.

ನನಗೆ ಮಾತ್ರ ಆ ಬಿಳಿ ಸೇರಲಿಲ್ಲ. ವರ್ಷಗಟ್ಟಲೆ ದುಡಿದ ಕಬ್ಬಿಣದಲ್ಲಿ ಏನಾದರೂ ಇದ್ದೇ ಇರುತ್ತದೆ. ತುಕ್ಕು ತಿಂದ ಸಣ್ಣ ಗುಂಡಿಗಳಿಂದ ಸಾಸಿವೆಯಷ್ಟು ಕೆಂಪು ಚುಕ್ಕೆಗಳು ಅಲ್ಲಲ್ಲಿ ಏಳಬೇಕು. ಕೊಕ್ಕೆಯ ತುದಿಯಲ್ಲಿ, ಕತ್ತಿನಲ್ಲಿ ಅಂಥ ಚುಕ್ಕೆಗಳಿದ್ದವು. ಆ ಒಳಬಾಗಿನಲ್ಲಿ ಮಾತ್ರ ಒಂದೂ ಇಲ್ಲ. ಹೊಸ ಗೋಡೆಯ ಹಾಗೆ ಬೆಳ್ಳಗೆ. ಇಡೀ ಕೊಕ್ಕೆ ಮಾತಾಡುತ್ತಿದ್ದಾಗ ಆ ಒಂದು ಜಾಗ ಬಾಯಿ ಮುಚ್ಚಿಕೊಂಡು ಕೂತ ಹಾಗಿತ್ತು. ಮ್ಯಾಗ್ನೆಟ್ ಹಾಕಿ ಕಬ್ಬಿಣದ ಪುಡಿ ಉದುರಿಸಿ ನೋಡುವ ಇನ್ನೊಂದು ವಿಧಾನವಿದೆ. ಆ ಯಂತ್ರ ಏಜೆನ್ಸಿಯವರದ್ದು, ಅವರ ಜೊತೆ ಘಟ್ಟದ ಕೆಳಗೆ ಹೋಗಿತ್ತು. ಏನು ಕಾರಣವೆಂದು ನನಗೆ ಹೊಳೆಯಲಿಲ್ಲ. ಕೊಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಅದು ಏನೂ ಹೇಳಲಿಲ್ಲ.

ಆ ರಾತ್ರಿ ಅಕ್ಕನ ಮನೆಯಲ್ಲೇ ಉಳಿದೆ. ಮಿಲ್ಲಿನಿಂದ ಸ್ವಲ್ಪ ದೂರದ ಹಳ್ಳಿ. ಊಟಕ್ಕೆ ಕೂತಾಗಲೂ ಭಾವ ಅದೇ ಹೇಳುತ್ತಿದ್ದರು. "ನೋಡು, ನಿನ್ನ ತಮ್ಮ ಇಷ್ಟು ದಪ್ಪ ಕನ್ನಡಕ ಹಾಕ್ಕಂಡು ಹುಡುಕಿದ. ಒಂದು ಗೆರೆ ಸಿಗ್ಲಿಲ್ಲ." ಅಕ್ಕ ಮೀನು ಬಡಿಸುತ್ತ "ಅವ್ನಿಗೆ ಸಿಗ್ಲಿಲ್ಲ ಅಂತ ಸಿಟ್ಟು ಬಂದಿದೆ, ಮುಖ ನೋಡಿ" ಎಂದಳು. ನಾನು ನಕ್ಕೆ.

ಬೆಳಿಗ್ಗೆ ಎದ್ದಾಗ ಭಾವ ಹೊರಟುಹೋಗಿದ್ದರು. ಹಿಂದಿನ ಸಂಜೆಯೇ ಒಂದು ಲಾರಿ ದಿಮ್ಮಿ ಬಂದು ನಿಂತಿತ್ತು, ಬೇಗ ಇಳಿಸಬೇಕಿತ್ತು. ಅದೂ ಶುಕ್ರವಾರ. ನಾನು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆ. ಅಕ್ಕ ದೇವರ ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಹಿತ್ತಾಳೆಯ ಹಳೇ ದೀಪ, ನಮ್ಮ ಮನೆಯಿಂದಲೇ ಅವಳ ಮದುವೆಯಲ್ಲಿ ಕೊಟ್ಟದ್ದು. ಎಲ್ಲ ಕಡೆ ಫಳಫಳ ಮಾಡಿ, ಬುಡದ ಹತ್ತಿರ ಒಂದು ಜಾಗವನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಅಲ್ಲಿ ಕರ್ರಗೆ, ಕೆಂಪಗೆ ಗಟ್ಟಿಯಾದ ಜಿಡ್ಡು.

"ಅಲ್ಲೂ ಒಂಚೂರು ತಿಕ್ಕೆ. ಸೋಮಾರಿ" ಎಂದೆ.

"ನಿಂಗೆ ಗೊತ್ತಿಲ್ಲ ಸುಮ್ನಿರು. ಅಲ್ಲಿ ಸೀಳಿದೆ. ಮೊದ್ಲು ಎಣ್ಣೆ ಸೋರಿ ಸೋರಿ ಮಣೆಯೆಲ್ಲ ಒದ್ದೆ ಆಗೋದು. ಕುಂಕುಮ ಎಣ್ಣೆ ಎಲ್ಲ ಸೇರಿ ಗಟ್ಟಿ ಆತಾ, ಸೋರೋದು ನಿಂತ್ತು. ಅದ್ಕೇ ಆ ಜಾಗ ಬಿಟ್ಟು ತಿಕ್ತೀನಿ. ತಿಕ್ಕಿದ್ರೆ ಮತ್ತೆ ಸೋರ್ತದೆ."

ನಾನು ಚಹಾದ ಲೋಟ ಕೆಳಗಿಟ್ಟೆ.

ಎಣ್ಣೆ ಹೊರಗೆ ಬರದಂತೆ ತಡೆಯುವ ಜಿಡ್ಡು, ಬಣ್ಣ ಒಳಗೆ ಹೋಗದಂತೆಯೂ ತಡೆಯುತ್ತದೆ. ಭಾವ ಪ್ರತಿ ಶುಕ್ರವಾರ ಹೆಬ್ಬೆರಳಿಂದ ಒತ್ತಿದ ಎಣ್ಣೆಗುಂಕುಮ. ಅದರ ಮೇಲೆ ದಿಮ್ಮಿಯ ಭಾರ. ಭಾರ ಬಿದ್ದಾಗ ಬಿರುಕು ಇಷ್ಟೇ ಇಷ್ಟು ಬಾಯಿ ತೆರೆಯುತ್ತದೆ, ಮೇಲಿದ್ದದ್ದನ್ನು ಕುಡಿಯುತ್ತದೆ. ಭಾರ ಇಳಿದಾಗ ಬಾಯಿ ಮುಚ್ಚುತ್ತದೆ. ಮುಂದಿನ ಶುಕ್ರವಾರ ಮತ್ತೆ. ವರ್ಷಗಟ್ಟಲೆ ಕುಡಿದು ಹೊಟ್ಟೆ ತುಂಬಿಸಿಕೊಂಡ ಬಿರುಕಿಗೆ ನಾನು ನನ್ನ ಕೆಂಪು ಹೊಡೆದು ಕುಡಿ ಎಂದರೆ ಎಲ್ಲಿ ಕುಡಿದೀತು? ಒಂದು ಸಾಸಿವೆಯಷ್ಟು ಚುಕ್ಕೆಗೂ ಅಲ್ಲಿ ಜಾಗವಿರಲಿಲ್ಲ.

ಭಾವನಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಗರಗಸ ತಿರುಗುವಾಗ ಅಲ್ಲಿ ಯಾರಿಗೂ ಫೋನು ಕೇಳಿಸುವುದಿಲ್ಲ. ಗೌಡರದ್ದು ಸ್ವಿಚ್ಡ್ ಆಫ್. ಅಕ್ಕ "ಎಂತ ಆತೋ" ಎಂದಳು. "ರಿಪೋರ್ಟು ಬರಿಯೋದು ಒಂದಿದೆ" ಎಂದು ಬೈಕು ಹತ್ತಿದೆ. ಅವಳ ಮುಖ ನೋಡಿ ಬೇರೇನೂ ಹೇಳುವ ಧೈರ್ಯ ಬರಲಿಲ್ಲ.

ರಸ್ತೆ ತುಂಬ ಮಂಜು ಕವಿದಿತ್ತು. ತಿರುವುಗಳಲ್ಲಿ ಎದುರಿನದು ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ನನ್ನ ಕಣ್ಣಿಗೆ ಕಟ್ಟಿದ್ದು ಆ ಬಿಳಿ ಜಾಗ ಒಂದೇ. ಮಿಲ್ಲು ಹತ್ತಿರವಾದಂತೆ ಗರಗಸದ ಸದ್ದು ಕೇಳಿಸಿತು. ಸದ್ದಿದೆ ಎಂದರೆ ಇನ್ನೂ ಏನೂ ಆಗಿಲ್ಲ ಎಂದುಕೊಳ್ಳುತ್ತಿರುವಾಗಲೇ ಅದು ನಿಂತಿತು.

ಒಳಗೆ ಹೋದಾಗ ದಿಮ್ಮಿ ಗಾಳಿಯಲ್ಲಿತ್ತು.

ಹಳೇ ಹಲಸಿನ ಮರದ್ದು, ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪ. ಅದನ್ನು ಟ್ರಾಲಿಗೆ ಇಳಿಸಲೆಂದೇ ಗರಗಸ ನಿಲ್ಲಿಸಿದ್ದರು. ಭಾವ ಎಡಗೈಯನ್ನು ದಿಮ್ಮಿಯ ತಲೆಗೆ ಒತ್ತಿ, ಬಲಗೈಯಲ್ಲಿ ಗುಂಡಿ ಹಿಡಿದು, ಎಮ್ಮೆಯನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋಗುವವರ ಹಾಗೆ ನಿಧಾನ ಬರುತ್ತಿದ್ದರು. ದಿಮ್ಮಿ ಅವರ ಎದೆಯ ಎದುರು, ಅವರ ಪಾದ ಅದರ ಕೆಳಗೆ. ಮೇಲೆ ಕೊಕ್ಕೆ. ಅದರ ಒಳಬಾಗಿನಲ್ಲಿ ಆ ಬೆಳಿಗ್ಗೆ ಇಟ್ಟ ಹಸಿ ಕುಂಕುಮ.

ನಾನು ಕೂಗಲಿಲ್ಲ. ಕೂಗಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಕೂಗಿದರೆ ಭಾವ ಗುಂಡಿಯಿಂದ ಬೆರಳು ತೆಗೆದು ನನ್ನ ಕಡೆ ತಿರುಗುತ್ತಾರೆ, ದಿಮ್ಮಿ ಜೋಲಿ ಹೊಡೆದು ಅಲ್ಲೇ ನಿಲ್ಲುತ್ತದೆ, ಅವರು ಅದರ ಕೆಳಗೇ ನಿಂತು "ಎಂತ?" ಎಂದು ಕೇಳುತ್ತಾರೆ. ಅದಕ್ಕಿಂತ ನಡೆಯುತ್ತಿರುವುದು ನಡೆದು ಕೆಳಗಿಳಿಯಲಿ. ನಾನು ಕಂಬ ಹಿಡಿದು ನಿಂತೆ. ಕೊಕ್ಕೆ ನೋಡಲೋ ಭಾವನನ್ನು ನೋಡಲೋ ತಿಳಿಯದೆ ಸರಪಳಿ ನೋಡಿದೆ. ಹೊಯ್ಸ್ಟಿನ ಮೋಟಾರು ಕುಂಯ್ ಎನ್ನುತ್ತಿತ್ತು. ಎಲ್ಲೋ ಒಂದು ಹನಿ ನೀರು ತಗಡಿನ ಮೇಲೆ ಬಿತ್ತು. ದಿಮ್ಮಿ ಟ್ರಾಲಿಗೆ ಮುಟ್ಟಿತು. ಸರಪಳಿ ಸಡಿಲಾಯಿತು.

"ಭಾವ, ಸಾಕು. ಇನ್ನು ಅದನ್ನ ಎತ್ಬೇಡಿ."

ಅವರು ತಿರುಗಿ ನಕ್ಕರು. "ಬಂದ್ಯಾ? ರಿಪೋರ್ಟು ಎಲ್ಲಿ?"

ಗೌಡರು ಆಫೀಸಿನಿಂದ ಹೊರಬಂದರು. ನಾನು ಹೇಳಿದ್ದನ್ನು ಕೇಳಿದರು. ಕೇಳಿ, ಹೊರಗೆ ಇನ್ನೂ ಅರ್ಧ ತುಂಬಿ ನಿಂತಿದ್ದ ಲಾರಿಯ ಕಡೆ ನೋಡಿದರು. "ಅಲ್ಲ ಮಾರಾಯ, ನಿನ್ನೆ ಇಷ್ಟು ಜನ್ರ ಎದ್ರು ಏನೂ ಕಾಣಲ್ಲ ಅಂದೆ. ರಾತ್ರಿ ಅಕ್ಕನ ಮನೇಲಿ ಉಂಡು ಮಲ್ಗಿ ಎದ್ದ ಮೇಲೆ ಕಾಣಕ್ಕೆ ಶುರು ಆತಾ?"

ಮಿಲ್ಲಿನವರು ನಕ್ಕರು. ಇಷ್ಟು ವರ್ಷದಲ್ಲಿ ನನ್ನ ಕೆಲಸಕ್ಕೆ ಯಾರೂ ನಕ್ಕಿರಲಿಲ್ಲ. ಬೇರೆ ಯಾರ ಕೊಕ್ಕೆಯಾದರೂ ಆಗಿದ್ದರೆ ಸಿಟ್ಟಿನಲ್ಲಿ ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದೆನೋ ಏನೋ.

"ಇನ್ನೊಂದ್ಸಲ ನೋಡ್ಬೇಕು ಗೌಡ್ರೇ. ಒರೆಸಿ ಅಲ್ಲ, ಕುದಿಸಿ. ವಾಷಿಂಗ್ ಸೋಡಾ ಹಾಕಿ."

"ಕುದ್ಸಿ? ಹುಕ್ಕನ್ನ?"

"ಅಡಿಕೆ ಬೇಯ್ಸೋ ಹಂಡೆ ಇದ್ಯಲ್ಲ, ಅದು ಕೊಡಿ."

"ಹುಕ್ ಬೇಯ್ಸಿದ ಹಂಡೆಲಿ ನಾನು ಅಡಿಕೆ ಬೇಯ್ಸಿದ್ರೆ ಮಂಡಿಯವ್ರು ಅಡಿಕೆ ಕಚ್ಚಿ ನೋಡಿ ಹಲ್ಲು ಮುರ್ಕಂತಾರೆ" ಎಂದರು ಗೌಡರು. ಆದರೂ ಹಿತ್ತಲಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೇ ಹಂಡೆ ಕೊಡಿಸಿದರು. ಕೆಟ್ಟ ಮನುಷ್ಯರಲ್ಲ. ಲಾರಿ ನಿಂತಿದೆ ಎಂಬುದಷ್ಟೇ ಅವರ ತಲೆಯಲ್ಲಿತ್ತು.

ಕೊಕ್ಕೆ ಬಿಚ್ಚಿಕೊಟ್ಟದ್ದು ಭಾವ. ತಂತಿಯ ಬ್ರಷ್ಷು ತರಲು ಹೋದ ಮಿಲ್ಲಿನ ಹುಡುಗನೊಬ್ಬನನ್ನು ನಾನು ತಡೆದೆ. ಬ್ರಷ್ಷಿನಿಂದ ಉಜ್ಜಿದರೆ ಬಿರುಕಿನ ತುಟಿ ಮಡಚಿ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಸೋಡಾ ನೀರು ಕುದಿಯತೊಡಗಿತು. ಬಹಳ ಹೊತ್ತು ಏನೂ ಆಗಲಿಲ್ಲ. ಜನ ಒಬ್ಬೊಬ್ಬರೇ ಹಂಡೆಯ ಒಳಗೆ ಬಗ್ಗಿ ನೋಡಿ, "ಉಪ್ಪು ಹಾಕಿದ್ಯಾ?" ಎಂದು ಕೇಳಿ ಹೋದರು. ಆಮೇಲೆ ನೀರಿನಲ್ಲಿ ಒಂದು ಕೆಂಪು ಎಳೆ ಬಿಚ್ಚಿಕೊಂಡಿತು. ಒಲೆಯ ಬಿಸಿಗೆ ಅದು ಅಲ್ಲಾಡುತ್ತ ಮೇಲಕ್ಕೆ ಬಂತು. ಅದರ ಹಿಂದೆ ಇನ್ನೊಂದು. ಹೊರಮೈಯಲ್ಲಿ ಕುಂಕುಮದ ಸುಳಿವೂ ಇರಲಿಲ್ಲ, ಕುದಿಸುವ ಮುಂಚೆ ನಾನೇ ಒರೆಸಿದ್ದೆ. ಆದರೂ ಬರುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹಂಡೆಯ ನೀರು ನಸುಗೆಂಪಾಗಿತ್ತು. ಉಪ್ಪು ಹಾಕಿದೆಯಾ ಎಂದು ಕೇಳಿದವರಲ್ಲಿ ಒಬ್ಬ ಮತ್ತೆ ಬಂದು ನೋಡಿ ಏನೂ ಕೇಳದೆ ಹೋದ.

ನೀರು ಬದಲಿಸಿ, ಇನ್ನೊಮ್ಮೆ ಕುದಿಸಿ, ಒಣಗಿಸಿ, ಮತ್ತೆ ನನ್ನ ಕೆಂಪು ಹೊಡೆದೆ. ಈ ಸಲ ಹೆಚ್ಚು ಹೊತ್ತು ಬಿಟ್ಟೆ. ಒರೆಸಿ, ಬಿಳಿ ಹೊಡೆದೆ.

ಬಿಳಿ ಇನ್ನೂ ಒಣಗುತ್ತಿರುವಾಗಲೇ ಒಳಬಾಗಿನಲ್ಲಿ ಒಂದು ಗೆರೆ ಬಂತು. ಮೊದಲು ಗುಲಾಬಿ, ಆಮೇಲೆ ಕೆಂಪು. ಈ ಪಕ್ಕದಿಂದ ಆ ಪಕ್ಕಕ್ಕೆ.

ಭಾವ ಹೆಗಲ ಮೇಲಿನ ಟವೆಲು ತೆಗೆದು ಅದನ್ನು ಒರೆಸಿಬಿಟ್ಟರು. "ಕುಂಕುಮ ಸರಿಯಾಗಿ ಹೋಗಿಲ್ಲ ಮಾರಾಯ. ಉಳ್ದಿದೆ."

ನಾನು ಮತ್ತೆ ಬಿಳಿ ಹೊಡೆದೆ. ಗೆರೆ ಮತ್ತೆ ಬಂತು. ಅದೇ ಜಾಗ, ಅದೇ ಉದ್ದ. ಅವರು ಮತ್ತೆ ಒರೆಸಿದರು, ಈ ಸಲ ಒತ್ತಿ. ಮತ್ತೆ ಬಿಳಿ, ಮತ್ತೆ ಗೆರೆ. ಅವರು ಟವೆಲನ್ನು ಕೈಯಲ್ಲಿ ಸುತ್ತಿಕೊಂಡು ನಿಂತರು. ಅದರ ತುಂಬ ಕೆಂಪು.

ಗೌಡರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದು ನಮ್ಮ ಕುಂಕುಮನೋ ನಿನ್ನ ಬಣ್ಣನೋ? ಎರಡೂ ಕೆಂಪೇ ಅಲ್ವಾ. ಹೆಂಗೆ ಹೇಳ್ತೀಯ?"

"ಯಾವ್ದಾದ್ರೂ ಆಗ್ಲಿ ಗೌಡ್ರೇ. ಒಳಗೆ ಹೋಗಕ್ಕೆ ಎರಡಕ್ಕೂ ದಾರಿ ಬೇಕಲ್ಲ."

ಗೌಡರು ಗೆರೆಯ ಮೇಲೆ ಉಗುರು ಆಡಿಸಿ ನೋಡಿದರು. ಕೊನೆಗೆ ಗೌಡರು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಮೇಲಿನ ಗೀರೂ ಇರ್ಬಹುದು. ಇಷ್ಟು ವರ್ಷ ಎತ್ತಿದೆ. ಇವತ್ತೊಂದು ಲಾರಿ ಇಳಿಸಿಬಿಟ್ಟು ನಾಳೆಯಿಂದ ಬಿಡೋಣ" ಎಂದರು.

"ನಾನು ಇಳಿಸ್ತೀನಿ" ಎಂದರು ಭಾವ.

ಅದನ್ನು ಅವರು ಗೌಡರ ಮೇಲಿನ ಭಯಕ್ಕೆ ಹೇಳಿದ್ದಲ್ಲ. ಟವೆಲನ್ನು ಹೆಗಲಿಗೆ ಎಸೆದು ನನ್ನ ಕಡೆ ತಿರುಗಿದರು. "ನಿನ್ನೆ ನೀನೇ ನೋಡ್ದೆ. ಇವತ್ತು ನನ್ನ ಪೂಜೆಯಿಂದ ಹುಕ್ಕು ಹಾಳಾತು ಅಂತೀಯ. ನಾನು ಒಂದು ದಿನ ತಪ್ಸಿಲ್ಲ. ಜ್ವರ ಬಂದಾಗ್ಲೂ ಬಂದು ಇಟ್ಟು ಹೋಗಿದೀನಿ."

"ಪೂಜೆಯಿಂದ ಹಾಳಾಗಿಲ್ಲ ಭಾವ. ಹಾಳಾಗಿದ್ದು ಕಾಣ್ಲಿಲ್ಲ ಅಷ್ಟೇ."

"ಎರಡೂ ಒಂದೇ."

ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ. ನಮ್ಮಿಬ್ಬರದ್ದೂ ಒಂದೇ ಜಾತಿಯ ಹಟ, ನಾವು ಮುಟ್ಟಿದ ಕೆಲಸಕ್ಕೆ ಯಾರೂ ಬೆರಳು ತೋರಿಸಬಾರದು. ಮಾತಿನಲ್ಲಿ ಇದು ಮುಗಿಯುವುದಿಲ್ಲ ಎಂದು ಗೊತ್ತಾಯಿತು. ಒಡೆಯದೆ ನೋಡಿ ಹೇಳುವುದು ನನ್ನ ಕೆಲಸ ಎಂದೆನಲ್ಲ. ಅವತ್ತು ಮೊದಲ ಸಲ ಒಡೆಯಲು ಹೊರಟೆ.

"ಮರ ಸೀಳೋ ಬೆಣೆ ತನ್ನಿ. ಹುಕ್ಕನ್ನ ಆ ಮೇಜಿನ ವೈಸಿನ ದವಡೆಗೆ ಕಚ್ಚಿಸ್ತೀನಿ, ಬಾಯಿಗೆ ಬೆಣೆ ಇಟ್ಟು ನೀವೇ ಹೊಡೀರಿ. ಒಳ್ಳೇ ಹುಕ್ಕು ಮುರಿಯಲ್ಲ ಭಾವ, ಮೆಲ್ಲಗೆ ಬಾಗಿ ಬಾಯಿ ಬಿಡ್ತದೆ. ಬಾಗಿದ್ರೆ ನಾನು ಈ ಮೂರು ತಾಲ್ಲೂಕಲ್ಲಿ ಮತ್ತೆ ಡಬ್ಬ ಮುಟ್ಟಲ್ಲ."

ಗೌಡರು ಬೇಡ ಎನ್ನಲಿಲ್ಲ. ಹೂಂ ಎನ್ನಲೂ ಇಲ್ಲ. ಭಾವ ಸುತ್ತಿಗೆ ಎತ್ತಿಕೊಂಡರು.

ಮೊದಲ ಪೆಟ್ಟಿಗೆ ಬೆಣೆ ಕಚ್ಚಿ ಕೂತಿತು. ಭಾವ ನನ್ನ ಕಡೆ ನೋಡಿದರು. ಕೊಕ್ಕೆಗೆ ಏನೂ ಆಗಿರಲಿಲ್ಲ. ಅವರು ಕಾಲು ಅಗಲ ಮಾಡಿ ನಿಂತು ಇನ್ನೊಂದು ಹೊಡೆದರು.

ದೊಡ್ಡ ಸದ್ದೇನೂ ಆಗಲಿಲ್ಲ. ಅಡಕತ್ತರಿಯಲ್ಲಿ ಅಡಿಕೆ ಒಡೆದಷ್ಟು. ಕೊಕ್ಕೆಯ ಅರ್ಧ ನೆಲದ ಹೊಟ್ಟಿನ ಮೇಲೆ ಬಿದ್ದಿತ್ತು.

ಭಾವ ಅದನ್ನು ಎತ್ತಿಕೊಂಡು ಮುರಿದ ಮುಖವನ್ನು ಬೆಳಕಿಗೆ ಹಿಡಿದರು. ನಾನು ವಿವರಿಸಬೇಕಾಗಿ ಬರಲಿಲ್ಲ. ಅವರು ಜೀವಮಾನವೆಲ್ಲ ಕೊಯ್ದ ಮರದ ಮುಖ ನೋಡಿದವರು. ಕೊಕ್ಕೆಯ ಮುಖದಲ್ಲೂ ಉಂಗುರಗಳಿದ್ದವು. ಒಳಬಾಗಿನಲ್ಲಿ ಶುರುವಾಗಿ, ಒಂದರ ಹಿಂದೆ ಒಂದು, ಬೆನ್ನಿನ ಕಡೆಗೆ ನಡೆದಿದ್ದವು. ಹಳೆಯವು ಕಪ್ಪು, ಆಮೇಲಿನವು ಒಣಗಿದ ಕುಂಕುಮದ ಬಣ್ಣ. ಬೆನ್ನಿನ ಅಂಚಿನಲ್ಲಿ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಜಾಗ ಹೊಸ ಕಬ್ಬಿಣದ ಹಾಗೆ ಹೊಳೆಯುತ್ತಿತ್ತು. ಅವರ ಬೆರಳು ಉಂಗುರದಿಂದ ಉಂಗುರಕ್ಕೆ ನಡೆದು ಆ ಹೊಳಪಿನ ಹತ್ತಿರ ನಿಂತಿತು.

"ಬೆಳಿಗ್ಗೆ ಆ ಹಲಸಿನ ದಿಮ್ಮಿ," ಎಂದರು. "ಇಷ್ಟರಲ್ಲಿ ನೇತಾಡ್ತಿತ್ತಾ?"

"ಇಷ್ಟರಲ್ಲೇ."

ಗೌಡರು ಅಲ್ಲೇ ಇದ್ದ ದಿಮ್ಮಿಯ ಮೇಲೆ ಕೂತರು. ಆಮೇಲೆ ಲಾರಿಯವನಿಗೆ ಜಾರುಮರ ಹಾಕಿ ಹಗ್ಗ ಕಟ್ಟಿ ಉರುಳಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಅವರ ಅಪ್ಪನ ಕಾಲದಲ್ಲಿ ಹಾಗೆಯೇ ಇಳಿಸುತ್ತಿದ್ದರಂತೆ. ಭಾವ ಆ ಕೆಲಸಕ್ಕೆ ಹೋಗಲಿಲ್ಲ. ಕೊಕ್ಕೆಯ ತುಂಡನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಬೈಕಿನ ಹಿಂದೆ ಕೂತರು. ದಾರಿಯಲ್ಲಿ ಒಂದೇ ಮಾತು ಆಡಿದ್ದು: "ದೇವಿನೇ ಹಿಡ್ಕಂಡಿದ್ಲು. ಇಲ್ದಿದ್ರೆ ಆ ಉಗುರಿನಷ್ಟು ಕಬ್ಬಿಣದಲ್ಲಿ ನಿಲ್ತಿತ್ತಾ."

ಹಿಡಿದುಕೊಂಡದ್ದೂ ಮುಚ್ಚಿಟ್ಟದ್ದೂ ಒಂದೇ ಕುಂಕುಮ ಎಂದು ಅವರಿಗೆ ಹೇಳಲು ಅದು ಸರಿಯಾದ ದಿನವಾಗಿರಲಿಲ್ಲ. ಇಂದಿಗೂ ಹೇಳಿಲ್ಲ.

ಮಿಲ್ಲಿಗೆ ಹೊಸ ಕೊಕ್ಕೆ ಬಂತು. ಗುಂಡಿ ಈಗಲೂ ಭಾವನ ಕೈಯಲ್ಲೇ ಇದೆ. ಆದರೆ ನಡೆಯುವಾಗ ಒಂದು ಹೆಜ್ಜೆ ಆಚೆ ನಡೆಯುತ್ತಾರೆ, ದಿಮ್ಮಿಯನ್ನು ಕೈಯಿಂದ ಒತ್ತುವುದಿಲ್ಲ, ಉದ್ದನೆಯ ಬಿದಿರಿನ ಗಳದಿಂದ ಒತ್ತುತ್ತಾರೆ. ಕುಂಕುಮವನ್ನು ಕಂಬಕ್ಕೆ ಇಡುತ್ತಾರೆ. ನನ್ನ ಮಾತಿಗೆ ಒಪ್ಪಿ ಅಲ್ಲ. ಕೊಕ್ಕೆಗೆ ಇಡಲು ಕೈ ಬರುವುದಿಲ್ಲ ಎಂದು ಅಕ್ಕನ ಹತ್ತಿರ ಹೇಳಿದ್ದಾರಂತೆ. ಅದನ್ನು "ನನ್ನ ಹುಕ್ಕು" ಎಂದದ್ದನ್ನೂ ನಾನು ಮತ್ತೆ ಕೇಳಿಲ್ಲ.

ನನಗೂ ಒಂದು ರೋಗ ಅಂಟಿಕೊಂಡಿದೆ. ಆಯುಧಪೂಜೆಯ ನಂತರದ ದಿನಗಳಲ್ಲಿ ಈ ರಸ್ತೆಗಳಲ್ಲಿ ಓಡಾಡುವುದು ಕಷ್ಟ. ಹೊಸನಗರದ ಪೇಟೆಯಲ್ಲಿ ಕೆಟ್ಟ ಲಾರಿ ಎಳೆಯುವ ಗಾಡಿ, ಬ್ಯಾಕೋಡಿನ ಕಡೆ ಹೊರಟಾಗ ಹೊಳೆಬಾಗಿಲಿನ ಹತ್ತಿರ ಎದುರಾಗುವ ಕ್ರೇನು, ಸಾಗರದ ಗ್ಯಾರೇಜುಗಳ ಜಾಕಿ, ಎಲ್ಲದರ ಮೇಲೂ ಕೆಂಪು. ಜನ ಅದರ ಕೆಳಗೆ ನಿಂತು ಬೀಡಿ ಸೇದುತ್ತಿರುತ್ತಾರೆ. ನಾನು ಬೈಕು ನಿಲ್ಲಿಸಿ ಮೇಲೆ ನೋಡುತ್ತೇನೆ. ಒಂದೆರಡು ಕಡೆ "ಸ್ವಲ್ಪ ಆಚೆ ನಿಂತ್ಕಳಿ" ಎಂದೂ ಹೇಳಿದ್ದೇನೆ. ನಗುತ್ತಾರೆ. ಕುಂಕುಮದವನಿಗೇ ಕುಂಕುಮ ಕಂಡರೆ ಭಯ ಎನ್ನುತ್ತಾರೆ.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ದೀಪ ಹಚ್ಚಿತ್ತು. ದೀಪದ ಬುಡ ಪೂರ್ತಿ ಫಳಫಳ ಎನ್ನುತ್ತಿತ್ತು, ಕೆಳಗೆ ಒಂದು ಸ್ಟೀಲಿನ ತಟ್ಟೆ. ಎಣ್ಣೆ ಹನಿ ಹನಿಯಾಗಿ ತಟ್ಟೆಗೆ ಬೀಳುತ್ತಿತ್ತು.

"ನಿನ್ನ ಭಾವನ ಕೆಲ್ಸ ನೋಡು," ಎಂದಳು ಅಕ್ಕ. "ನಾನು ಇಷ್ಟು ವರ್ಷ ಜೋಪಾನ ಮಾಡಿದ್ದನ್ನ ಕೂತ್ಕಂಡು ಉಗುರಲ್ಲಿ ಕೆರ್ದು ತೆಗ್ದಿದಾರೆ. ಎಣ್ಣೆಯೆಲ್ಲ ಹಾಳು."

ಭಾವ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ತಟ್ಟೆಯ ಮೇಲೆಯೇ ಇತ್ತು.

"ಸೋರ್ಲಿ ಬಿಡೆ," ಎಂದರು. "ಸೋರೋದು ಕಾಣ್ಬೇಕು."

ಇನ್ನೊಂದು ಹನಿ ಬುಡದಲ್ಲಿ ಕೂಡಿಕೊಂಡು ದಪ್ಪವಾಗುತ್ತಿತ್ತು. ಭಾವ ಕೈ ಚಾಚಿ ತಟ್ಟೆಯನ್ನು ಅದರ ನೇರಕ್ಕೆ ಸರಿಸಿದರು.